ಹತ್ತೊಂಬತ್ತು ದಿನದ ನೀರು

ಫೋಟೋ ತೆಗೆಯುವವನಿಗೆ ನೀರಿನ ಬಣ್ಣ ಹಿಡಿಸಲಿಲ್ಲ.

"ಮೇಡಂ, ಇದು ಹಳೇ ಚಹಾ ಇದ್ದ ಹಾಗಿದೆ. ಸ್ವಲ್ಪ ತಿಳಿ ನೀರು ಸಿಗಲ್ವಾ?" ಎಂದು ಕೇಳಿದ.

"ಸಂಸ್ಕರಣೆಯಾಗಿ ಹೊರಗೆ ಹೋಗೋ ನೀರು ಇದೇ ಬಣ್ಣ ಇರೋದು. ನಿಯಮದೊಳಗೇ ಇದೆ. ಕುಡಿಯೋಕೆ ಅಲ್ಲವಲ್ಲ," ಎಂದಳು ನೀರಕ್ಕ.

ಕಂಪನಿಯ ವರ್ಷದ ವರದಿ ಬರೆಯಲು ಮುಖ್ಯ ಕಚೇರಿಯಿಂದ ಬಂದಿದ್ದ ಹುಡುಗಿ ಆಗಲೇ ಕ್ಯಾಂಟೀನಿಗೆ ಓಡಿ ಕುಡಿಯುವ ನೀರಿನ ಬಾಟಲಿ ತಂದಿದ್ದಳು. ಅದನ್ನೇ ಗಾಜಿನ ಬೀಕರಿಗೆ ಸುರಿದರು. ನೀರಕ್ಕ ಬೀಕರನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. "ಮಗಳು ಪರೀಕ್ಷೆಯಲ್ಲಿ ಮೊದಲು ಬಂದಿದ್ದಾಳೆ ಅಂದುಕೊಂಡು ನಗಿ," ಎಂದ ಫೋಟೋದವನು. "ನನ್ನ ಮಗಳಾ? ಪಾಸಾದರೆ ಸಾಕು," ಎಂದು ಅವಳು ನಿಜವಾಗಿಯೇ ನಕ್ಕುಬಿಟ್ಟಳು. ಕ್ಯಾಮೆರಾ ಕ್ಲಿಕ್ಕೆಂದಿತು. ಅಷ್ಟೇ ಆಗಿದ್ದು. ಮಧ್ಯಾಹ್ನದ ಹೊತ್ತಿಗೆ ಅವಳು ಅದನ್ನು ಮರೆತೂ ಬಿಟ್ಟಿದ್ದಳು.

ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳು ಕೊಳೆನೀರಿನ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಮೂರು ಸಲ ನೀರು ಅಳೆದು, ಅಂಕಿಯನ್ನು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆಯುವುದು ಅವಳ ಕೆಲಸ. ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಗೇಟಿನವನಿಂದ ಹಿಡಿದು ಮ್ಯಾನೇಜರ್ ತನಕ ಎಲ್ಲರಿಗೂ ಅವಳು ನೀರಕ್ಕ.

ಮೂರು ವಾರ ಕಳೆದ ಮೇಲೆ ವರದಿಯ ಕರಡು ಅವಳ ಮೇಜಿಗೆ ಬಂತು. ಕಂಪನಿ ಪರಿಸರವನ್ನೂ ಜನರನ್ನೂ ಹೇಗೆ ನೋಡಿಕೊಳ್ಳುತ್ತಿದೆ ಎಂದು ಪ್ರತಿ ವರ್ಷ ಲೋಕಕ್ಕೆ ಹೇಳುವ ಪುಸ್ತಕ ಅದು. ವಿದೇಶದ ಬಟ್ಟೆ ಕಂಪನಿಗಳು ಅದನ್ನು ಓದಿಯೇ ಬಣ್ಣ ಕೊಳ್ಳುತ್ತವೆ ಎಂದು ಹೇಳುತ್ತಿದ್ದರು. ನೀರಿನ ಪುಟದಲ್ಲಿ ಪೂರ್ತಿ ಅವಳದೇ ಮುಖ. ಕೈಯಲ್ಲಿ ಬೀಕರು, ಹಲ್ಲು ಕಾಣುವಷ್ಟು ನಗು. ಕೆಳಗೆ ಉದ್ಧರಣ ಚಿಹ್ನೆಗಳ ನಡುವೆ, ಅವಳೇ ಹೇಳಿದ ಹಾಗೆ, ದಪ್ಪಕ್ಷರದಲ್ಲಿ ಅಚ್ಚಾಗಿತ್ತು: "ನಮ್ಮ ಕಾರ್ಖಾನೆಯಿಂದ ಈ ವರ್ಷ ಒಂದು ಹನಿ ಕೆಟ್ಟ ನೀರೂ ಹೊರಗೆ ಹೋಗಿಲ್ಲ. ಈ ನೀರನ್ನು ನಾನೇ ಕುಡಿಯಬಲ್ಲೆ."

ಅವಳು ಎರಡು ಸಲ ಓದಿದಳು. ಆಮೇಲೆ ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದಳು.

ಪಕ್ಕದಲ್ಲಿ ಒಂದು ಪಟ್ಟಿ. ವರ್ಷದ ಸರಾಸರಿ, ನಿಯಮದ ಮಿತಿಗಿಂತ ಎಷ್ಟೋ ಕೆಳಗೆ. ಪಟ್ಟಿಯ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ, "ದುರಸ್ತಿಯ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ." ಅದರ ಕೆಳಗೆ ಅವಳು ಸಹಿ ಹಾಕಲೆಂದು ಬಿಟ್ಟ ಖಾಲಿ ಜಾಗ.

ಆ ದುರಸ್ತಿಯ ಅವಧಿ ಅಂದರೆ ಏನು ಎಂಬುದು ಅವಳಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಏಳು ತಿಂಗಳ ಹಿಂದೆ ದೊಡ್ಡ ತೊಟ್ಟಿಗೆ ಗಾಳಿ ಊದುವ ಯಂತ್ರ ಕೆಟ್ಟು ನಿಂತಿತ್ತು. ಆ ತೊಟ್ಟಿಯಲ್ಲಿ ಕೊಳೆಯನ್ನು ತಿಂದು ನೀರನ್ನು ಹಗುರ ಮಾಡುವ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಅವಕ್ಕೂ ಉಸಿರು ಬೇಕು. ಗಾಳಿ ನಿಂತಿತು, ಅವು ಸತ್ತವು, ತೊಟ್ಟಿಯಿಡೀ ಕಪ್ಪಾಗಿ ನಾರಿತು. ಉತ್ಪಾದನೆ ನಿಲ್ಲಿಸಿ ಎಂದು ಅವಳು ಬರೆದುಕೊಟ್ಟಳು. ನಿಲ್ಲಿಸಲಿಲ್ಲ, ಹಡಗಿಗೆ ಹೋಗಬೇಕಾದ ಸರಕಿತ್ತು. ನೀರು ತುಂಬಿಡುವ ತೊಟ್ಟಿ ಎರಡೇ ದಿನಕ್ಕೆ ಭರ್ತಿಯಾಯಿತು. ಮೂರನೇ ದಿನ ಬೆಳಿಗ್ಗೆ ಪಕ್ಕದ ತೂಬು ತೆರೆದು ನೀರನ್ನು ನೇರವಾಗಿ ಕಾಲುವೆಗೆ ಬಿಟ್ಟರು. ಹತ್ತೊಂಬತ್ತು ದಿನ ಆ ತೂಬು ಮುಚ್ಚಲಿಲ್ಲ. ಕೊಳೆಯ ಅಳತೆ ಇನ್ನೂರೈವತ್ತು ದಾಟಬಾರದು. ಅವಳ ಪುಸ್ತಕದಲ್ಲಿ ಒಂಬೈನೂರು, ಸಾವಿರದ ನೂರು, ಒಂದು ದಿನ ಸಾವಿರದ ಮುನ್ನೂರ ನಲವತ್ತು. ಅವಳು ಪ್ರತಿ ದಿನ ಬರೆದಳು, ಮೂರು ಸಲ ಮೇಲಕ್ಕೆ ಪತ್ರ ಕಳಿಸಿದಳು. ತನ್ನ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಕಾಲುವೆಯ ಕೆಳಗಿನ ಲಾಂಡ್ರಿಯ ಯಜಮಾನಿ ಗೇಟಿಗೆ ಬಂದಿದ್ದಳು. ಕಾಲುವೆಯ ನೀರನ್ನೇ ಪಂಪಿನಲ್ಲಿ ಎತ್ತಿ, ಆಸ್ಪತ್ರೆಯ ಬಿಳಿ ಹಾಸಿಗೆ ಹೊದಿಕೆಗಳನ್ನು ಒಗೆದುಕೊಡುವ ಲಾಂಡ್ರಿ ಅದು. ಅವಳ ಕೈಯಲ್ಲಿದ್ದ ಹೊದಿಕೆ ತಿಳಿ ಗುಲಾಬಿಯಾಗಿತ್ತು. "ನಿಮ್ಮ ಸೋಪು ಸರಿ ಇಲ್ಲಮ್ಮ" ಎಂದು ಹೇಳಿ ಗೇಟಿನವನು ಅವಳನ್ನು ವಾಪಸ್ ಕಳಿಸಿದ್ದ. ನೀರಕ್ಕ ಅದನ್ನು ಪ್ರಯೋಗಾಲಯದ ಕಿಟಕಿಯಿಂದ ನೋಡಿದ್ದಳು.

ಕರಡು ಓದಿದ ಮೇಲೆ ಅವಳು ಮೊದಲು ಫೋನ್ ಮಾಡಿದ್ದು ವರದಿಯ ಹುಡುಗಿಗೆ.

"ಈ ಮಾತು ನಾನು ಯಾವಾಗ ಹೇಳಿದೆ?"

"ಅಯ್ಯೋ ಮೇಡಂ, ಅದು ಎಲ್ಲರಿಗೂ ನಾನೇ ಬರೆಯೋದು," ಎಂದಳು ಹುಡುಗಿ. ದನಿಯಲ್ಲಿ ಕಳ್ಳತನ ಇರಲಿಲ್ಲ, ಆಶ್ಚರ್ಯವಿತ್ತು. "ಇಲ್ಲೀತನಕ ಯಾರೂ ಬೇಡ ಅಂದಿಲ್ಲ. ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಸುಳ್ಳು ಅಷ್ಟೇ."

"ನನಗೆ ಕೊಟ್ಟ ಅಂಕಿಗಳಲ್ಲಿ ಹಾಗೇ ಇತ್ತು ಮೇಡಂ," ಎಂದಳು ಹುಡುಗಿ, ಮೆತ್ತಗೆ.

ಮ್ಯಾನೇಜರ್ ಕೋಣೆಗೆ ಹೋದಾಗ ಅವರು ಎದ್ದು ನಿಂತು ಕುರ್ಚಿ ತೋರಿಸಿದರು. ಇಬ್ಬರೂ ಕೆಲಸಕ್ಕೆ ಸೇರಿದ್ದು ಒಂದೇ ವರ್ಷ. ಆಗ ಒಂದೇ ಬೆಂಚಿನ ಮೇಲೆ ಊಟದ ಡಬ್ಬಿ ಬಿಚ್ಚುತ್ತಿದ್ದವರು. ಅವರಿಗೆ ರಸಾಯನಶಾಸ್ತ್ರ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ತೂಬು ತೆರೆಸಿದರಲ್ಲ ಎಂದು ನೆನೆದರೆ ಅವಳಿಗೆ ಇನ್ನೂ ಸಿಟ್ಟು ಬರುತ್ತಿತ್ತು.

"ನಾನು ಇದಕ್ಕೆ ಸಹಿ ಹಾಕಲ್ಲ," ಎಂದು ಕರಡನ್ನು ಮೇಜಿನ ಮೇಲಿಟ್ಟಳು.

"ಯಾಕೆ, ಫೋಟೋ ಚೆನ್ನಾಗಿ ಬಂದಿಲ್ವಾ?"

"ತಮಾಷೆ ಬೇಡ. ಹತ್ತೊಂಬತ್ತು ದಿನ ಎಲ್ಲಿ?"

ಅವರು ಕುರ್ಚಿಗೆ ಒರಗಿದರು. "ನೋಡಿ ನೀರಕ್ಕ, ವರ್ಷದ ಸರಾಸರಿ ತಾನೇ ಕೇಳೋದು? ಸರಾಸರಿ ಸರಿಯಾಗಿದೆ. ದುರಸ್ತಿ ನಡೀತಿದ್ದಾಗಿನ ಅಂಕಿ ಬಿಡೋದು ಎಲ್ಲ ಕಡೆ ಇದ್ದದ್ದೇ."

"ಮಗೂಗೆ ಹತ್ತೊಂಬತ್ತು ದಿನ ನೂರನಾಲ್ಕು ಜ್ವರ ಬಂದರೆ ವರ್ಷದ ಸರಾಸರಿ ತೆಗೆದು ಜ್ವರಾನೇ ಬಂದಿಲ್ಲ ಅಂತೀರಾ? ನೀವಂತೂ ಇನ್ನೂ ಮುಂದೆ ಹೋಗಿ, ಜ್ವರ ಇದ್ದ ದಿನ ಮಗೂನೇ ಇರಲಿಲ್ಲ ಅಂತಿದ್ದೀರಿ."

ಅವರಿಗೆ ನಗು ಬಂತು, ತಡೆದುಕೊಂಡರು. "ಈ ವರದಿ ಸರಿಯಾಗಿ ಹೋಗಲಿಲ್ಲ ಅಂದರೆ ಏನಾಗುತ್ತೆ ಗೊತ್ತಲ್ಲ? ಮುನ್ನೂರು ಮನೆ ಒಲೆ ಇದರ ಮೇಲೆ ನಿಂತಿದೆ. ನಿಮ್ಮ ಮನೆಯದೂ. ನಿಮ್ಮ ಯಜಮಾನರ ಬಡ್ತಿಯ ಕಾಗದ ಈ ವಾರ ನನ್ನ ಮೇಜಿಗೆ ಬರುತ್ತೆ."

"ಅದನ್ನೂ ಇದನ್ನೂ ಒಂದೇ ಪಿನ್ನಿಗೆ ಚುಚ್ಚಬೇಡಿ."

"ನಾನು ಚುಚ್ಚಿಲ್ಲ. ಅದು ಇರೋದೇ ಹಾಗೆ."

"ಹಾಗಾದರೆ ಕೇಳಿ," ಎಂದು ಅವಳು ಎದ್ದಳು. "ಆ ಅಂಕಿ ಹಾಕಿ, ಈಗಲೇ ಸಹಿ ಮಾಡ್ತೀನಿ. ಇಲ್ಲ ಅಂದರೆ ನನ್ನ ಮುಖ ತೆಗೀರಿ. ಮುಖ ನಂದು. ಕಂಪನಿ ಅದಕ್ಕೆ ಸಂಬಳ ಕೊಡ್ತಿಲ್ಲ."

ಸಂಜೆ ಮನೆಗೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಗಂಡ ಅದೇ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿದ್ದ. ಹದಿನೇಳು ವರ್ಷ ಉಗಿಯ ಪಕ್ಕ ನಿಂತು, ಈಗ ಮೇಸ್ತ್ರಿಯಾಗುವ ಹೊತ್ತು ಬಂದಿತ್ತು. ಅವನು ಬೂಟನ್ನೂ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

"ಒಂದು ಸಹಿ. ಒಂದೇ ಒಂದು. ಅದಕ್ಕೆ ಇಷ್ಟು ರಂಪ ಮಾಡಬೇಕಿತ್ತಾ?"

"ಸುಳ್ಳಿಗೆ ಸಹಿ ರೀ ಅದು."

"ಲೋಕದಲ್ಲಿ ನೀನೊಬ್ಬಳೇ ಸತ್ಯ ಹೊತ್ತುಕೊಂಡು ತಿರುಗ್ತಿದ್ದೀಯಾ? ನಿನ್ನ ಹಠಕ್ಕೆ ನನ್ನ ಬಡ್ತಿ ಹೋಗಬೇಕಾ?"

ಅತ್ತೆ ಒಳಗೆ ಕೂತು ತರಕಾರಿ ಹೆಚ್ಚುತ್ತಿದ್ದರು. ಅವರೂ ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತರಾದವರು. ಬಾಯಿ ಜೋರು, ಮಾತಿನಲ್ಲಿ ಅವರನ್ನು ಗೆದ್ದವರು ಆ ಬೀದಿಯಲ್ಲಿ ಯಾರೂ ಇಲ್ಲ. ಅವರು ತಲೆ ಎತ್ತದೆ ಹೇಳಿದರು, "ಅವನು ಹೇಳೋದರಲ್ಲಿ ತಪ್ಪೇನಿದೆ? ದೊಡ್ಡವರು ಬರ್ಕೊಳ್ತಾರೆ, ನೀನು ಗೀಚಿ ಕೈ ತೊಳ್ಕೋ. ಏನಂತೆ ಅಂಥಾದ್ದು ಬರೆದಿರೋದು?"

ಅವಳು ಚೀಲದಿಂದ ಕರಡು ತೆಗೆದು ಅವರ ಮುಂದೆ ಹಿಡಿದಳು. ಅತ್ತೆ ಚಾಕು ಕೆಳಗಿಟ್ಟು, ಪುಟವನ್ನು ದೂರ ಹಿಡಿದು, ತುಟಿ ಆಡಿಸುತ್ತಾ ಓದಿದರು. "ಈ ನೀರನ್ನು ನಾನೇ ಕುಡಿಯಬಲ್ಲೆ" ಎನ್ನುವಲ್ಲಿ ನಿಂತರು. ಮತ್ತೆ ಓದಿದರು.

"ಇದನ್ನು ನೀನು ಹೇಳಿದೆಯಾ?"

"ಇಲ್ಲ ಅತ್ತೆ."

"ನಿನ್ನ ಬಾಯಿಗೆ ಇಟ್ಟಿದ್ದಾರೆ."

"ಹೂಂ."

ಅತ್ತೆ ಪುಟವನ್ನು ಮಡಿಲಲ್ಲಿಟ್ಟು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಗಂಡ ಬೂಟಿನ ಲೇಸು ಬಿಚ್ಚಲು ಬಗ್ಗಿದವನು ಹಾಗೇ ತಲೆ ಎತ್ತಿ ನೋಡಿದ.

"ನನ್ನ ಬಾಯಿಗೂ ಒಂದು ಸಲ ಇಟ್ಟಿದ್ದರು," ಎಂದರು ಅತ್ತೆ. "ಆಗ ನಾವು ಕೆಂಪು ಪುಡಿ ಡ್ರಮ್ಮಿಗೆ ತುಂಬುತ್ತಿದ್ದೆವು. ಬರಿಗೈಯಲ್ಲಿ. ತಪಾಸಣೆಗೆ ಯಾರೋ ಬರ್ತಾರೆ, ನೀನು ಚೆನ್ನಾಗಿ ಮಾತಾಡ್ತೀಯಾ, ನೀನೇ ಹೇಳು ಅಂದರು. ನಾನು ಒಂದು ಹಿಡಿ ಪುಡಿ ತಗೊಂಡು, 'ಹಿಟ್ಟಿದ್ದ ಹಾಗೆ ಸ್ವಾಮಿ, ಏನೂ ಆಗಲ್ಲ' ಅಂದೆ. ಎಲ್ಲರೂ ನಕ್ಕರು. ಬಂದವರೂ ನಕ್ಕು, ಬರ್ಕೊಂಡು ಹೋದರು. ಆಮೇಲೆ ಆರು ವರ್ಷ ಕೈಗವಸು ಬರಲಿಲ್ಲ."

"ಅಮ್ಮ, ಇದನ್ನು ನೀನು ಯಾವತ್ತೂ ಹೇಳೇ ಇಲ್ಲ," ಎಂದ ಗಂಡ.

"ಹೇಳೋ ಅಂಥದ್ದಾ ಅದು? ನನ್ನ ಪಕ್ಕದಲ್ಲಿ ಕೆಲಸ ಮಾಡ್ತಿದ್ದಳಲ್ಲ, ನಿನ್ನನ್ನು ಎತ್ತಿ ಆಡಿಸಿದವಳು, ಅವಳ ಅಂಗೈ ಒಡೀತು. ಆಮೇಲೆ ಮೂತ್ರದಲ್ಲಿ ರಕ್ತ ಬಂತು. ಆಸ್ಪತ್ರೆಗೆ ನೋಡೋಕೆ ಹೋದಾಗ ನನ್ನ ಕೈ ಹಿಡ್ಕೊಂಡು, 'ಎಷ್ಟು ಚೆನ್ನಾಗಿ ಹೇಳಿದೆಯಲ್ಲೇ ಅವತ್ತು' ಅಂದಳು. ಬೈದಿದ್ದರೆ ಮರೀತಿದ್ದೆ. ಅವಳು ಬೈಯಲಿಲ್ಲ."

ಅವರು ಕರಡನ್ನು ಮಡಿಸಿ ಸೊಸೆಯ ಕೈಗೆ ಕೊಟ್ಟರು. "ಹಾಕಬೇಡ," ಎಂದರು. ಆಮೇಲೆ ಮಗನ ಕಡೆ ತಿರುಗಿ, "ನೀನು ಮೇಸ್ತ್ರಿ ಆಗದಿದ್ದರೆ ಬಾಯ್ಲರ್ ಏನೂ ಅಳಲ್ಲ. ಬೂಟು ಬಿಚ್ಚಿ ಒಳಗೆ ಬಾ," ಎಂದರು.

ಗಂಡ ಬೂಟು ಬಿಚ್ಚಿ ಒಳಗೆ ಬಂದ. ಸಹಿ ಹಾಕು ಎಂದು ಮತ್ತೆ ಅನ್ನಲಿಲ್ಲ.

ಸೋಮವಾರ ಅವಳು ಕೆಲಸಕ್ಕೆ ಹೋದಾಗ ಪ್ರಯೋಗಾಲಯದ ಬೀಗ ಬದಲಾಗಿತ್ತು. ಬಾಗಿಲಿಗೆ ಒಂದು ಆದೇಶ ಅಂಟಿಸಿದ್ದರು: ಮುಂದಿನ ಸೂಚನೆಯವರೆಗೆ ಅವಳು ಉಗ್ರಾಣದಲ್ಲಿ ಕೆಲಸ ಮಾಡತಕ್ಕದ್ದು. ಗೇಟಿನವನು ತಲೆ ಕೆರೆದುಕೊಂಡು, "ನೀರಕ್ಕನ್ನ ಸಾಮಾನಕ್ಕ ಮಾಡಿಬಿಟ್ಟರಲ್ಲ," ಎಂದ. ಅವಳ ಸಹಿಯ ಜಾಗದಲ್ಲಿ ಮ್ಯಾನೇಜರೇ ಸಹಿ ಹಾಕಿದ್ದಾರೆ, ಮುಖ ಮಾತ್ರ ಅವಳದೇ ಉಳಿದಿದೆ ಎಂದು ಮಧ್ಯಾಹ್ನಕ್ಕೆ ಗೊತ್ತಾಯಿತು.

ಉಗ್ರಾಣ ಎಂದರೆ ತಗಡಿನ ಮಾಡಿನ ಉದ್ದನೆಯ ಶೆಡ್ಡು. ಕೈಗವಸಿನ ಕಟ್ಟು, ವಾಷರು, ಬೋಲ್ಟು, ಸುಣ್ಣದ ಮೂಟೆ, ಯೂರಿಯಾ ಮೂಟೆ. ಯಾರು ಏನು ಒಯ್ದರು ಎಂದು ಬರೆಯುವ ಪುಸ್ತಕ ಒಂದು, ಹೊರಗಿನಿಂದ ಏನು ಬಂತು ಎಂದು ಬರೆಯುವ ಪುಸ್ತಕ ಇನ್ನೊಂದು. ಮೊದಲ ದಿನ ಅವಳು ಕೈಗವಸು ಎಣಿಸಿದಳು. ಎರಡನೇ ದಿನ ಮತ್ತೆ ಎಣಿಸಿದಳು. ಮೂರನೇ ದಿನ, ಮಾಡಲು ಬೇರೆ ಕೆಲಸವಿಲ್ಲದೆ, ಹಳೆಯ ಪುಸ್ತಕದ ಪುಟ ತಿರುವುತ್ತಾ ಕೂತಳು. ಯೂರಿಯಾದ ಸಾಲಿಗೆ ಬಂದಾಗ ಬೆರಳು ಅಲ್ಲೇ ನಿಂತಿತು.

ತೊಟ್ಟಿಯ ಜೀವಿಗಳಿಗೆ ದಿನಾ ಯೂರಿಯಾ ಹಾಕಬೇಕು. ಅದು ಅವುಗಳ ಊಟ. ವರ್ಷದ ಉಳಿದೆಲ್ಲ ದಿನ ತಪ್ಪದೆ ಒಂದು ಮೂಟೆ ಹೋಗಿತ್ತು. ಯಂತ್ರ ಕೆಟ್ಟ ದಿನದಿಂದ ಹದಿಮೂರು ದಿನ ಒಂದು ಮೂಟೆಯೂ ಹೋಗಿರಲಿಲ್ಲ. ಅವಳು ಇನ್ನೊಂದು ಪುಸ್ತಕ ತೆರೆದಳು. ಹದಿನಾಲ್ಕನೇ ದಿನ: ಊರಿನ ಚರಂಡಿ ನೀರು ಶುದ್ಧಿ ಮಾಡುವ ಕಡೆಯಿಂದ ಎರಡು ಟ್ಯಾಂಕರ್ ಜೀವಂತ ಕೆಸರು. ಸತ್ತ ತೊಟ್ಟಿಗೆ ಮತ್ತೆ ಜೀವ ತುಂಬಲು ಹೊರಗಿನಿಂದ ಕೆಸರು ತಂದದ್ದು. ಪ್ರಯೋಗಾಲಯದಿಂದ ಅವಳನ್ನು ಹೊರಹಾಕಿ, ಸಾಕ್ಷಿ ಇರುವ ಕೋಣೆಯ ಬೀಗದ ಕೈಯನ್ನು ಅವರೇ ಅವಳಿಗೆ ಕೊಟ್ಟಿದ್ದರು. ಅವಳಿಗೆ ಒಬ್ಬಳೇ ಕೂತು ನಗು ಬಂತು.

ವರದಿ ಅಚ್ಚಿಗೆ ಹೋಗುವ ಮೊದಲು ಹೊರಗಿನವರು ಒಬ್ಬರು ಬಂದು ಅಂಕಿಗಳನ್ನು ಪರಿಶೀಲಿಸಿ, ಸರಿಯಾಗಿದೆ ಎಂದು ಒಂದು ಪುಟ ಬರೆದುಕೊಡಬೇಕು. ಆ ತಪಾಸಣೆಗಾರರು ಗುರುವಾರ ಬಂದರು. ಸಣಕಲು ದೇಹ, ದೊಡ್ಡ ಚೀಲ, ಕೈಯಲ್ಲಿ ಪ್ರಶ್ನೆಗಳ ಪಟ್ಟಿ. ಅವರು ಮಾತಾಡಬೇಕಾದವರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಅಪಾಯಕಾರಿ ಸಾಮಾನುಗಳನ್ನು ಸರಿಯಾಗಿ ಇಟ್ಟಿದ್ದಾರೋ ಎಂದು ನೋಡಲು ಊಟದ ನಂತರ ಉಗ್ರಾಣಕ್ಕೆ ಬಂದರು. ಜೊತೆಗೆ ಬಂದಿದ್ದ ಗುಮಾಸ್ತನಿಗೆ ಫೋನು ಬಂತು, ಅವನು ಹೊರಗೆ ಹೋದ.

ತಪಾಸಣೆಗಾರರು ಅವಳನ್ನು ನೋಡಿ, ಕೈಯಲ್ಲಿದ್ದ ಕರಡು ನೋಡಿ, ಮತ್ತೆ ಅವಳನ್ನು ನೋಡಿದರು. "ಇದು ನೀವೇ ಅಲ್ವಾ? ಪ್ರಯೋಗಾಲಯದವರು?"

"ನಾನೇ. ಆದರೆ ಆ ಮಾತು ನಂದಲ್ಲ, ಆ ನೀರು ಕ್ಯಾಂಟೀನಿಂದು."

ಅವರು ಕನ್ನಡಕ ಮೇಲೆ ಸರಿಸಿದರು.

"ನಿಮಗೆ ನನ್ನ ಕೈಬರಹದ ಪುಸ್ತಕ ತೋರಿಸಿದರಾ?" ಎಂದು ಕೇಳಿದಳು.

"ಇಲ್ಲ. ಅಚ್ಚು ಮಾಡಿದ ಹಾಳೆ ಕೊಟ್ಟರು. ಪುಸ್ತಕ ಒದ್ದೆಯಾಗಿ ಹಾಳಾಗಿದೆ ಅಂದರು."

"ಕಳೆದ ವಾರದ ತನಕ ಅದು ನನ್ನ ಕೈಯಲ್ಲೇ ಇತ್ತು, ಒದ್ದೆ ಆಗಿರಲಿಲ್ಲ. ಇರಲಿ. ಇದನ್ನು ನೋಡಿ." ಅವಳು ಎರಡೂ ಪುಸ್ತಕಗಳನ್ನು ಮೂಟೆಯ ಮೇಲೆ ಬಿಡಿಸಿಟ್ಟು ಬೆರಳಿಟ್ಟು ತೋರಿಸಿದಳು. "ಹದಿಮೂರು ದಿನ ತೊಟ್ಟಿಯ ಜೀವಿಗಳಿಗೆ ಊಟ ಇಲ್ಲ. ಉಪವಾಸ ಇದ್ದವೋ, ಸತ್ತಿದ್ದವೋ? ಬದುಕಿದ್ದರೆ ಹದಿನಾಲ್ಕನೇ ದಿನ ಊರ ಕೊಳೆ ಎರಡು ಟ್ಯಾಂಕರ್ ತರಿಸಿದ್ದು ಯಾಕೆ? ಅಷ್ಟೂ ದಿನ ಬಣ್ಣ ತಯಾರಾಗಿದೆ. ಆ ನೀರು ಎಲ್ಲಿ ಹೋಯ್ತು? ಇದನ್ನು ಕೇಳಿ ಅವರನ್ನ."

ಅವರು ಪುಟದ ಮೇಲೆ ಬಗ್ಗಿ ತುಂಬಾ ಹೊತ್ತು ನೋಡಿದರು. "ನನ್ನ ಪಟ್ಟಿಯಲ್ಲಿ ಯೂರಿಯಾ ಇಲ್ಲಮ್ಮ," ಎಂದರು ಕೊನೆಗೆ. ಅವರ ದನಿಯಲ್ಲಿ ಆಯಾಸವಿತ್ತು. "ನನ್ನನ್ನು ಕರೆಸಿದವರು ಇದೇ ಕಂಪನಿಯವರು. ನನಗೆ ಒಂದು ಗೆರೆ ಹಾಕಿಕೊಟ್ಟಿದ್ದಾರೆ, ಅದರೊಳಗೆ ನೋಡಬೇಕು."

"ಪಟ್ಟಿಯಲ್ಲಿ ನೀರು ಇದೆಯಲ್ಲ?"

"ಇದೆ."

"ಹಾಗಾದರೆ ಇದೂ ಇದೆ. ನೀವು ಸಹಿ ಹಾಕಿದ ಮೇಲೆ ಆ ಮಾತು ನನ್ನ ಬಾಯಿಂದ ನಿಮ್ಮ ಬಾಯಿಗೆ ಬರುತ್ತೆ. ನೀವೂ ಈ ನೀರು ಕುಡೀತೀರಿ ಅಂತ ಬರೀತಾರೆ, ನೋಡ್ತಿರಿ."

ಹೊರಗೆ ಗುಮಾಸ್ತನ ಹೆಜ್ಜೆ ಸದ್ದು ಕೇಳಿಸಿತು. ತಪಾಸಣೆಗಾರರು ಫೋನು ತೆಗೆದು ಎರಡೂ ಪುಟಗಳ ಫೋಟೋ ತೆಗೆದುಕೊಂಡರು. "ಇದನ್ನು ತೋರಿಸಿದವರು ಯಾರು ಅಂತ ಕೇಳ್ತಾರೆ. ನಿಮ್ಮ ಹೆಸರು ಬರೆಯಲಾ?"

ಗಂಡನ ಮುಖ ಕಣ್ಣ ಮುಂದೆ ಬಂತು.

"ಬರೀರಿ," ಎಂದಳು. "ಕಾಗುಣಿತ ತಪ್ಪದ ಹಾಗೆ ಬರೀರಿ."

ಮುಂದಿನ ಎರಡು ವಾರ ಕಾರ್ಖಾನೆಯಲ್ಲಿ ಯಾರೂ ಅವಳ ಜೊತೆ ಜೋರಾಗಿ ಮಾತಾಡಲಿಲ್ಲ. ಗಂಡನಿಗೆ ಬರಬೇಕಿದ್ದ ಜಾಗಕ್ಕೆ ಅವನಿಗಿಂತ ಒಂಬತ್ತು ವರ್ಷ ಕಿರಿಯನನ್ನು ತಂದು ಕೂರಿಸಿದರು. ಸುದ್ದಿ ಬಂದ ಸಂಜೆ ಅವನು ಮನೆಗೆ ಬಂದು, ಮುಖ ತೊಳೆದು, ಅವಳ ಪಕ್ಕ ಕೂತ.

"ನಿನ್ನ ಮೇಲೆ ಸಿಟ್ಟಿದೆ," ಎಂದ.

"ಗೊತ್ತು."

"ಹೋಗಲ್ಲ ಅಷ್ಟು ಬೇಗ." ಮುಖ ಒರೆಸಿಕೊಳ್ಳುತ್ತಾ ಹೇಳಿದ, "ಇವತ್ತು ಮ್ಯಾನೇಜರ್ ನನ್ನನ್ನ ಕರೆದು, ನಿನ್ನ ಹೆಂಡ್ತಿಗೆ ಬುದ್ಧಿ ಹೇಳಬಾರದಿತ್ತಾ ಅಂದ. ಬುದ್ಧಿ ಇರೋದು ಅವಳಿಗೇ, ನಾನೇನು ಹೇಳಲಿ ಅಂದೆ. ಬಾಯಿ ತಪ್ಪಿ ಬಂತು. ಆಮೇಲೆ ನೋಡಿದರೆ ತಪ್ಪಿಲ್ಲ ಅನ್ನಿಸ್ತು."

ತಪಾಸಣೆಗಾರರು ನೀರಿನ ಪುಟಕ್ಕೆ ಸಹಿ ಹಾಕಲಿಲ್ಲ. ಕಾರಣವನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿದರು. ಅವರ ಸಹಿಯಿಲ್ಲದ ವರದಿಯನ್ನು ಹೊರದೇಶದವರು ಮೂಸಿಯೂ ನೋಡುವುದಿಲ್ಲ. ಮುಖ್ಯ ಕಚೇರಿ ಮತ್ತು ಕಾರ್ಖಾನೆಯ ನಡುವೆ ಹನ್ನೆರಡು ದಿನ ಫೋನುಗಳು ಓಡಾಡಿದವು. ಒದ್ದೆಯಾಗಿದ್ದ ಪುಸ್ತಕ ಹೇಗೋ ಒಣಗಿ ಸಿಕ್ಕಿತು. ಕೊನೆಗೆ ವರದಿ ಅಚ್ಚಾಗಿ ಬಂದಾಗ ನೀರಿನ ಪುಟದಲ್ಲಿ ಒಂದು ಹೊಸ ಸಾಲಿತ್ತು: ಮಿತಿ ಮೀರಿದ ದಿನಗಳು ಹತ್ತೊಂಬತ್ತು, ಅತಿ ಹೆಚ್ಚಿನ ಅಳತೆ ಸಾವಿರದ ಮುನ್ನೂರ ನಲವತ್ತು, ಸಂಸ್ಕರಿಸದ ನೀರನ್ನು ಕಾಲುವೆಗೆ ಬಿಡಲಾಗಿದೆ. ಅವಳ ಫೋಟೋ ಇದ್ದ ಕಡೆ ಒಂದು ಮರದ ಚಿತ್ರ.

"ಮರಕ್ಕಾದರೆ ಬಾಯಿಲ್ಲ, ಅದಕ್ಕೇ ಹಾಕಿದ್ದಾರೆ," ಎಂದರು ಅತ್ತೆ.

ಮುಂದಿನ ವರ್ಷದ ಅಂಕಿಗಳನ್ನು ಇದೇ ಹೆಂಗಸು ಅಳೆಯಬೇಕು, ಮೂಲ ಪುಸ್ತಕ ತಮಗೆ ನೇರ ಬರಬೇಕು ಎಂದು ತಪಾಸಣೆಗಾರರು ಷರತ್ತು ಹಾಕಿದ್ದರಂತೆ. ಎರಡು ತಿಂಗಳ ನಂತರ ಪ್ರಯೋಗಾಲಯದ ಹೊಸ ಬೀಗದ ಕೀಲಿಕೈ ಅವಳ ಕೈಗೆ ಬಂತು. ವರದಿಯ ಹುಡುಗಿ ಫೋನು ಮಾಡಿ, "ಮೇಡಂ, ಈಗ ಯಾರ ಮಾತು ಬರೆದರೂ ಅವರಿಗೆ ಓದಿ ಹೇಳಿ ಆಮೇಲೆ ಹಾಕ್ತೀನಿ," ಎಂದಳು. "ಅರ್ಧ ಜನ ಬೇಡ ಅಂತಾರೆ ಮೇಡಂ, ಗೊತ್ತಾ?"

ಎಲ್ಲರೂ ನೀನು ಗೆದ್ದೆ ಎಂದರು. ಅವಳಿಗೂ ಹಾಗೇ ಅನ್ನಿಸಿತ್ತು. ವಾರದ ರಜೆಯ ದಿನ ವರದಿಯ ಒಂದು ಪ್ರತಿ ಹಿಡಿದು ಅವಳು ಕಾಲುವೆಯ ಕೆಳಗಿನ ಲಾಂಡ್ರಿಗೆ ಹೋದಳು. ನಿಮ್ಮ ಸೋಪು ಸರಿಯಾಗಿಯೇ ಇತ್ತು ಎಂದು ಹೇಳಬೇಕಿತ್ತು.

ಸಿಮೆಂಟಿನ ತೊಟ್ಟಿಗಳ ಸುತ್ತ ಏಳು ಹೆಂಗಸರು ಮೊಣಕೈವರೆಗೆ ನೊರೆಯಲ್ಲಿದ್ದರು. ಯಜಮಾನಿ ಪುಟವನ್ನು ನಿಂತಲ್ಲೇ ಓದಿದಳು. ಮುಖದಲ್ಲಿ ಸಂತೋಷ ಕಾಣಲಿಲ್ಲ.

"ಆ ಹತ್ತೊಂಬತ್ತು ದಿನದಲ್ಲಿ ನಮ್ಮ ಆಸ್ಪತ್ರೆಯ ಕೆಲಸ ಹೋಯ್ತು. ಇವಳ ಕೈ ನೋಡಿ," ಎಂದು ಪಕ್ಕದವಳ ಮುಂಗೈ ಹಿಡಿದೆತ್ತಿದಳು. ಸುಲಿದು ಮತ್ತೆ ಕೂಡಿದ ಚರ್ಮ ಬೆಳ್ಳಗೆ ಹೊಳೆಯುತ್ತಿತ್ತು. "ನೀವು ಇದನ್ನು ದಿನಾ ಅಳೀತಿದ್ದಿರಿ?"

"ದಿನಾ. ಮೂರು ಸಲ."

"ನಾನು ಗೇಟಿಗೆ ಬಂದ ದಿನವೂ?"

"ಹೌದು. ಕಿಟಕಿಯಿಂದ ನೋಡಿದೆ."

"ನಮಗೆ ಯಾಕೆ ಹೇಳಲಿಲ್ಲ?"

ಅವಳ ಹತ್ತಿರ ಉತ್ತರಗಳಿದ್ದವು. ಪುಸ್ತಕದಲ್ಲಿ ಬರೆದೆ, ಮೇಲಕ್ಕೆ ಪತ್ರ ಕೊಟ್ಟೆ, ಹೊರಗೆ ಹೇಳುವುದು ನನ್ನ ಕೆಲಸವಲ್ಲ. ಬಾಯಿಗೆ ಬಂದ ಒಂದೊಂದನ್ನೂ ನುಂಗಿದಳು. ಆ ಉತ್ತರಗಳಿಗೂ ಮ್ಯಾನೇಜರು ಹೇಳಿದ ಸರಾಸರಿಗೂ ಅಂಥ ವ್ಯತ್ಯಾಸವೇನಿಲ್ಲ ಎಂದು ಅಲ್ಲಿ, ಆ ನೊರೆಯ ವಾಸನೆಯಲ್ಲಿ ನಿಂತಾಗ ಹೊಳೆಯಿತು.

"ಹೇಳಬೇಕಿತ್ತು," ಎಂದಳು. "ಹೇಳಲಿಲ್ಲ. ತಪ್ಪು ನಂದು."

ಯಜಮಾನಿ ಅವಳನ್ನು ಒಂದು ಕ್ಷಣ ದಿಟ್ಟಿಸಿದಳು. ಪುಟವನ್ನು ಹರಿದುಕೊಂಡು ಮಡಿಸಿ ಸೆರಗಿಗೆ ಸಿಕ್ಕಿಸಿದಳು. ದೂರು ಕೊಡುವಾಗ ಬೇಕಾಗುತ್ತದೆ ಎಂದಳು. ಆಮೇಲೆ, "ನನ್ನ ನಂಬರ್ ಬರ್ಕೊಳ್ಳಿ," ಎಂದಳು. ಕೇಳಿದ ಹಾಗಿರಲಿಲ್ಲ, ಆಜ್ಞೆ ಮಾಡಿದ ಹಾಗಿತ್ತು. ನೀರಕ್ಕ ಬರೆದುಕೊಂಡಳು.

ಅವರ ದೂರು ಇನ್ನೂ ನಡೆಯುತ್ತಿದೆ. ಕಂಪನಿಯೇ ಅಚ್ಚು ಹಾಕಿಸಿದ ಪುಟ ಎದುರಿಗಿರುವಾಗ ಸೋಪಿನ ಕಥೆಯನ್ನು ಮತ್ತೆ ಯಾರೂ ಎತ್ತಲಿಲ್ಲ.

ಐದು ತಿಂಗಳ ನಂತರ ಒಂದು ಬೆಳಿಗ್ಗೆ ಅಳತೆ ನಾನೂರ ಹತ್ತು ತೋರಿಸಿತು. ಯಾವುದೋ ಪೈಪು ಸೋರಿ ಆಮ್ಲ ತೊಟ್ಟಿಗೆ ನುಗ್ಗಿತ್ತು. ಅವಳು ಇನ್ನೊಂದು ಸಲ ಅಳೆದಳು, ನಾನೂರ ಹನ್ನೆರಡು. ಮ್ಯಾನೇಜರಿಗೆ ತಿಳಿಸಿದಳು. ಅವರು ಓಡಿಬಂದರು. ಪೈಪು ಮುಚ್ಚಲು ಆಳುಗಳು ಹೋಗಿದ್ದಾರೆ, ಸಂಜೆಯೊಳಗೆ ಸರಿಹೋಗುತ್ತದೆ ಎಂದರು. ಅವಳು ಪುಸ್ತಕದಲ್ಲಿ ಅಂಕಿ ಬರೆದು ಮೇಜಿನ ಫೋನು ಎತ್ತಿದಳು.

"ಯಾರಿಗೆ?" ಎಂದರು ಮ್ಯಾನೇಜರ್.

"ಲಾಂಡ್ರಿಗೆ."

"ಅದು ಯಾವ ನಿಯಮದಲ್ಲಿದೆ? ಹೊರಗಿನವರಿಗೆ ಹೇಳಬೇಕು ಅಂತ ಎಲ್ಲಿದೆ?"

"ಎಲ್ಲೂ ಇಲ್ಲ. ಹೇಳಬಾರದು ಅಂತಲೂ ಎಲ್ಲೂ ಇಲ್ಲ."

ಅವರು ಬಗ್ಗಿ ಫೋನಿನ ಗುಂಡಿಯನ್ನು ಬೆರಳಿಂದ ಒತ್ತಿ ಹಿಡಿದರು. ಸಂಪರ್ಕ ಕಡಿಯಿತು. "ಸಂಜೆ ತನಕ ಕಾಯಿರಿ. ಒಂದು ದಿನಕ್ಕೆ ಏನೂ ಆಗಲ್ಲ. ಮತ್ತೆ ಉಗ್ರಾಣಕ್ಕೆ ಹೋಗೋ ಆಸೆ ಇದೆಯಾ ನಿಮಗೆ?"

"ಅಲ್ಲಿ ನೆಮ್ಮದಿಯಾಗಿಯೇ ಇದ್ದೆ," ಎಂದಳು ಅವಳು. ಕೋಟಿನ ಜೇಬಿನಿಂದ ತನ್ನ ಸ್ವಂತ ಫೋನು ತೆಗೆದು, ಅವರ ಮುಖ ನೋಡುತ್ತಲೇ ನಂಬರು ಒತ್ತಿದಳು.

"ನೀರಕ್ಕ ಮಾತಾಡ್ತಿರೋದು. ಇವತ್ತು ಪಂಪು ಹಾಕಬೇಡಿ. ಕಾಲುವೆ ನೀರು ಮುಟ್ಟಬೇಡಿ."

"ಎಷ್ಟಿದೆ?" ಎಂದಿತು ಆ ಕಡೆಯ ದನಿ.

"ನಾನೂರ ಹನ್ನೆರಡು. ನಾಳೆ ಬೆಳಿಗ್ಗೆ ಅಳೆದ ಕೂಡಲೇ ಮತ್ತೆ ಹೇಳ್ತೀನಿ. ನಾನು ಹೇಳೋ ತನಕ ಬೇಡ."

"ಸರಿ," ಎಂದಳು ಯಜಮಾನಿ. ಫೋನು ಇಡುವ ಮೊದಲೇ ಅವಳು ಯಾರನ್ನೋ ಕೂಗಿ ಪಂಪು ಆರಿಸು ಎನ್ನುವುದು ಪ್ರಯೋಗಾಲಯದಲ್ಲೆಲ್ಲ ಕೇಳಿಸಿತು.

ಮ್ಯಾನೇಜರ್ ಇನ್ನೂ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದರು. ಅವಳು ಕುರ್ಚಿ ಎಳೆದು ಕೂತು, ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು, ಅಂಕಿಯ ಪಕ್ಕದಲ್ಲಿ ಗಂಟೆ, ನಿಮಿಷ, ಫೋನು ಮಾಡಿದ್ದು ಯಾರಿಗೆ ಎಂದು ಬರೆಯತೊಡಗಿದಳು.

"ಅದನ್ನೂ ಬರೀತೀರಾ?" ಎಂದರು ಅವರು.

"ನೀವು ಫೋನು ಕಡಿದದ್ದನ್ನೂ," ಎಂದಳು ಅವಳು, ತಲೆ ಎತ್ತದೆ.